ಎರವಲು ನಾಲಿಗೆ, ಗುಲಾಬಿ ಡಬ್ಬಿ

ನಮ್ಮ ಮಿತೊ ಊರಿನಲ್ಲಿ ನೆಮೊತೊ ತೊಕುಜೊ ಅಂತ ಒಬ್ಬ ನಾತ್ತೊ ಮಾಡುವವನಿದ್ದ. ಅವನು ನಾತ್ತೊ ತಿನ್ನುವಂತಿರಲಿಲ್ಲ. ಇಷ್ಟು ಹೇಳಿದರೆ ನಮ್ಮೂರಿನವರು ಆಗಲೇ ನಗಲು ಶುರುಮಾಡುತ್ತಾರೆ. ಬೇರೆ ಊರಿನವರು ನಮ್ಮನ್ನು ಕಂಡರೆ ಮೂಗು ಮುಚ್ಚಿಕೊಳ್ಳುವುದುಂಟು. ಹುದುಗು ಬರಿಸಿದ ಸೋಯಾಕಾಳಿನ ಆ ವಾಸನೆ, ಊಟದ ಕಡ್ಡಿಯಲ್ಲಿ ಎತ್ತಿದರೆ ಜೇಡರ ಬಲೆಯ ಹಾಗೆ ಗಲ್ಲಕ್ಕೆ ಬಂದು ಅಂಟುವ ಆ ಎಳೆ, ಎರಡೂ ನಮಗೆ ತಾಯಿಯ ಹಾಲಿನ ಜೊತೆಗೇ ಬಂದವು. ಬೆಳಿಗ್ಗೆ ಬಿಸಿ ಅನ್ನದ ಮೇಲೆ ನಾತ್ತೊ ಬೀಳದಿದ್ದರೆ ನಮಗೆ ಬೆಳಗಾಗುವುದೇ ಇಲ್ಲ.

ತೊಕುಜೊನ ಅಪ್ಪನೂ ಇದೇ ಕಸುಬಿನವನು, ಅಜ್ಜನೂ ಇದೇ. ಹುಡುಗನಾಗಿದ್ದಾಗ ಟೋಕಿಯೊಗೆ ಓಡಿಹೋಗಿ ಟ್ಯಾಕ್ಸಿ ಓಡಿಸಲು ನೋಡಿದ್ದನಂತೆ. "ಮೊದಲನೇ ಗಿರಾಕಿ ಹತ್ತಿದ, ಒಂದ್ಸಲ ಉಸಿರು ಎಳೆದ, ಇಳಿದೇ ಹೋದ. ನಾನೂ ಗಾಡಿ ತಿರುಗಿಸ್ಕೊಂಡು ಊರಿಗೆ ಬಂದೆ" ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಮದುವೆಗೆ ಹೆಣ್ಣು ಹುಡುಕುವಾಗಲೂ ಉಪ್ಪಿನಕಾಯಿ ಮಾಡುವವರ ಮನೆಯ ಮಗಳನ್ನೇ ತಂದರು. ವಾಸನೆಗೆ ಹೆದರುವವಳು ಆ ಮನೆಯಲ್ಲಿ ಬಾಳುವಂತಿರಲಿಲ್ಲ. ಅವಳೇ ಕಿನು. ಮಾತು ಕಡಿಮೆ, ಮೂಗು ಬಲು ಚುರುಕು.

ಅರವತ್ತರ ಹೊಸ್ತಿಲಲ್ಲಿ ತೊಕುಜೊನ ಹೃದಯದ ಒಂದು ಕವಾಟ ಕೈಕೊಟ್ಟಿತು. ಆಸ್ಪತ್ರೆಯವರು ಎದೆ ಸೀಳಿ ಹೊಸದೊಂದು ಯಂತ್ರದ ಕವಾಟ ಕೂರಿಸಿದರು. ಅದು ತೆರೆದು ಮುಚ್ಚುವಾಗಲೆಲ್ಲ ಟಿಕ್ ಟಿಕ್ ಎನ್ನುತ್ತಿತ್ತು. ಸುತ್ತ ಸದ್ದಿಲ್ಲದಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿತ್ತು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಬದುಕಿರುವ ತನಕ ವಾರ್ಫರಿನ್ ಮಾತ್ರೆ ನುಂಗಬೇಕಿತ್ತು. ಆ ಮಾತ್ರೆಗೂ ನಾತ್ತೊಗೂ ಹಾವು ಮುಂಗುಸಿಯ ವೈರ. ಒಂದು ಚಮಚ ನಾತ್ತೊ ಹೊಟ್ಟೆಗಿಳಿದರೂ ಮಾತ್ರೆಯ ಕೆಲಸ ದಿನಗಟ್ಟಲೆ ಕೆಟ್ಟುಹೋಗುತ್ತದೆ.

"ಸಾಕೆ ಹೆಂಡದ ಅಂಗಡಿಯವನಿಗೆ ಕುಡೀಬೇಡ, ಬಾಟ್ಲಿ ಒರೆಸ್ಕೊಂಡು ಬಿದ್ದಿರು ಅಂದಂಗಾಯ್ತು ನನ್ನ ಬಾಳು" ಎಂದು ತೊಕುಜೊ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಅವರು ನಗುವಷ್ಟರಲ್ಲಿ ಇನ್ನೆರಡು ಪೊಟ್ಟಣ ಹೆಚ್ಚಿಗೆ ಮಾರಿರುತ್ತಿದ್ದ.

ಆದರೆ ರುಚಿ ನೋಡದೆ ಕಸುಬು ಮಾಡುವುದು ಹೇಗೆ? ಕಾಳು ನೆನೆಸಿ, ಹಬೆಯಲ್ಲಿ ಬೇಯಿಸಿ, ಹುಲ್ಲಿನ ಪೊಟ್ಟಣಕ್ಕೆ ತುಂಬಿ, ಬೆಚ್ಚನೆಯ ಕೋಣೆಯಲ್ಲಿ ಮಲಗಿಸುವ ತನಕ ಕೈ, ಕಣ್ಣು, ಮೂಗು ಸಾಕು. ಪೊಟ್ಟಣ ಬಿಚ್ಚಿದ ಮೇಲೆ ಮಾತ್ರ ನಾಲಿಗೆಯೇ ಬೇಕು. ಆ ನಾಲಿಗೆಯನ್ನು ಕಿನು ಎರವಲು ಕೊಟ್ಟಳು. ಗಂಡ ಬಿಟ್ಟದ್ದನ್ನು ತಾನು ತಿನ್ನಬಾರದೆಂದು ಊಟದ ಮಣೆಯ ಮೇಲಿಂದ ಅವಳು ನಾತ್ತೊವನ್ನು ಪೂರ್ತಿ ತೆಗೆದುಬಿಟ್ಟಿದ್ದಳು. ಕಾರ್ಖಾನೆಯಲ್ಲಿ ಮಾತ್ರ, ದಿನಾ ಬೆಳಿಗ್ಗೆ, ಒಂದೇ ಒಂದು ಕಾಳು. ಅದನ್ನೂ ಅವನ ಎದುರಿಗೆ ತಿನ್ನುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ, ಬಾಯಿ ಕಾಣದ ಹಾಗೆ ಅಗಿದು, ಸೆರಗಿನಂತೆ ಹೆಗಲ ಮೇಲಿದ್ದ ಟವೆಲಿನಿಂದ ತುಟಿ ಒರೆಸಿಕೊಂಡು, ಆಮೇಲೆ ಇತ್ತ ತಿರುಗಿ ವರದಿ ಒಪ್ಪಿಸುತ್ತಿದ್ದಳು.

"ಮೊದ್ಲು ಹುರಿದ ಬೀಜದ ಥರ. ಆಮೇಲೆ ಸ್ವಲ್ಪ ಸಿಹಿ. ಕೊನೇಲಿ ಒಂಚೂರು ಕಹಿ."

"ಎಷ್ಟು ಕಹಿ?"

"ನಿಮ್ಮಕ್ಕ ಫೋನಲ್ಲಿ ಮಾತಾಡ್ತಾರಲ್ಲ, ಅಷ್ಟು."

"ಹಂಗಾದ್ರೆ ಒಂದು ಗಂಟೆ ಮುಂಚೆ ತೆಗೀಬೇಕಿತ್ತು" ಎಂದು ತೊಕುಜೊ ಮರುದಿನದ ಹದ ತಿದ್ದಿಕೊಳ್ಳುತ್ತಿದ್ದ. ಹೀಗೆ ಎಂಟೊಂಬತ್ತು ವರ್ಷ ನಡೆಯಿತು. ಅಪ್ಪನ ಕಾಲಕ್ಕಿಂತ ಈಗಲೇ ನಾತ್ತೊ ಚೆನ್ನಾಗಿದೆ ಎಂದು ಹಳೆಯ ಗಿರಾಕಿಗಳು ಹೇಳಿದಾಗ ಅವನಿಗೆ ಖುಷಿಯೂ ಆಗುತ್ತಿತ್ತು, ಒಳಗೊಳಗೇ ಅವಮಾನವೂ ಆಗುತ್ತಿತ್ತು.

ಇಂಥ ಸುಖದ ಬಾಳಿಗೆ ಟಿವಿ ಕಲ್ಲು ಹಾಕಿತು.

ಆ ವರ್ಷ ಎಲ್ಲಿ ನೋಡಿದರೂ ಕೋಎಂಜೈಮ್ ಕ್ಯೂ-ಟೆನ್ ಎಂಬ ಮಾತ್ರೆಯದೇ ಮಾತು. ಬೆಳಗಿನ ಕಾರ್ಯಕ್ರಮದಲ್ಲಿ ಅದರ ಸುದ್ದಿ ಬಂದರೆ ಮಧ್ಯಾಹ್ನದೊಳಗೆ ಔಷಧ ಅಂಗಡಿಗಳ ಕಪಾಟು ಖಾಲಿ. ಸುಸ್ತು ಹೋಗುತ್ತದೆ, ಸುಕ್ಕು ಹೋಗುತ್ತದೆ, ಇಪ್ಪತ್ತರ ಹುರುಪು ಬರುತ್ತದೆ. ತೊಕುಜೊ ಮೊದಮೊದಲು ನಕ್ಕ. ಆದರೆ ಆ ಚಳಿಗಾಲದಲ್ಲಿ ನೆನೆದ ಕಾಳಿನ ಬುಟ್ಟಿ ಎತ್ತಿಕೊಂಡು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಕಿನು ಬಂದು ಬುಟ್ಟಿಯ ಇನ್ನೊಂದು ಕಿವಿ ಹಿಡಿದುಕೊಳ್ಳುತ್ತಿದ್ದಳು. ನಾಲಿಗೆಯಂತೂ ಅವಳದೇ, ಇನ್ನು ತೋಳೂ ಅವಳದೇ ಆದರೆ ನನ್ನದೆಂದು ಉಳಿಯುವುದು ಅಂಗಡಿಯ ಬೋರ್ಡಿನ ಮೇಲಿನ ಹೆಸರೊಂದೇ ಎನಿಸಿತು ಅವನಿಗೆ.

ಕ್ಷೌರದಂಗಡಿಯ ಎಬಿನೆ ಅವನ ಬಾಲ್ಯದ ಗೆಳೆಯ. ಕತ್ತರಿ ಆಡಿಸುತ್ತಲೇ ಮಾತು ತೆಗೆದ.

"ಇದು ಬರೀ ಟಿವಿ ಮಾತಲ್ಲ ಕಣೋ ತೊಕು. ಹಿಂದೆ ಇದನ್ನ ಎದೆ ಸೋತೋರಿಗೆ ಡಾಕ್ಟ್ರೇ ಬರ್ಕೊಡ್ತಿದ್ರು. ಈಗ ಚೀಟಿ ಇಲ್ದೆ ಸಿಗುತ್ತೆ, ಅಷ್ಟೇ. ನಿನ್ನಂಥೋನಿಗೇ ಮಾಡಿಟ್ಟಿರೋ ಮಾತ್ರೆ."

"ಸಿಗುತ್ತೆ ಅಂತೀಯಲ್ಲ, ಎಲ್ಲಿ ಸಿಗುತ್ತೆ? ನಮ್ಮ ಬೀದೀಲಿ ಒಂದು ಡಬ್ಬಿ ಇಲ್ಲ."

ಎಬಿನೆ ಸುತ್ತ ನೋಡಿ, ಕನ್ನಡಿಯ ಕೆಳಗಿನ ಖಾನೆಯಿಂದ ಒಂದು ಡಬ್ಬಿ ತೆಗೆದು ಅವನ ತೊಡೆಯ ಮೇಲಿಟ್ಟ. ಅಪ್ಪಟ ಗುಲಾಬಿ ಬಣ್ಣ. ಮೇಲೆ ಒಬ್ಬ ಹುಡುಗಿ ತನ್ನದೇ ಕೆನ್ನೆ ಸವರಿಕೊಳ್ಳುತ್ತಿದ್ದಳು. 'ಮುಂಜಾವಿನ ಕೆನ್ನೆಗಾಗಿ' ಎಂದು ಬರೆದಿತ್ತು.

"ಇದು ಹೆಂಗಸರದಲ್ವೇನೋ!"

"ಒಳಗಿರೋದು ಒಂದೇ. ನಿನ್ನ ಹೃದಯ ಹೊರಗಡೆ ಚಿತ್ರ ನೋಡ್ಕೊಂಡು ಕೂರುತ್ತಾ? ಜಿಡ್ಡಿನ ಊಟದ ಜೊತೆ ತಗೋ, ಆಗ್ಲೇ ಮೈಗೆ ಹತ್ತೋದು."

ತೊಕುಜೊ ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಬಂದು, ಪೊಟ್ಟಣಕ್ಕೆಂದು ಪೇರಿಸಿದ್ದ ಭತ್ತದ ಹುಲ್ಲಿನ ನಡುವೆ ತುರುಕಿದ. ಅವತ್ತಿನಿಂದ ಮಧ್ಯಾಹ್ನದ ಊಟಕ್ಕೆ ದಿನವೂ ಬಂಗಡೆ ಬೇಕೆಂದು ಹಟ ಹಿಡಿದ. "ಏನ್ರೀ ಇದು, ಬೆಕ್ಕಾಗೋಕೆ ಹೊರಟಿದ್ದೀರಾ?" ಎಂದಳು ಕಿನು. ಅವನು ಮೀನು ತಿಂದು, ಹುಲ್ಲಿನ ಕೊಠಡಿಗೆ ಹೋಗಿ, ಹಿಂದೆ ಮುಂದೆ ನೋಡಿ ಒಂದು ಮಾತ್ರೆ ನುಂಗಿ ಬರುತ್ತಿದ್ದ. ಎರಡು ವಾರ ಕಳೆಯುವಷ್ಟರಲ್ಲಿ ಬುಟ್ಟಿ ಹಗುರಾದ ಹಾಗೆ ಅನಿಸಿತು. ನಿಜಕ್ಕೂ ಹಗುರಾಯಿತೋ, ಗುಟ್ಟು ಇಟ್ಟುಕೊಂಡ ಹುರುಪೋ, ಅವನಿಗೂ ಹೇಳಲಾಗುತ್ತಿರಲಿಲ್ಲ. ಗಡ್ಡ ಹೆರೆದುಕೊಳ್ಳುವಾಗ ಕೆನ್ನೆಯನ್ನು ಎರಡೆರಡು ಸಲ ಮುಟ್ಟಿ ನೋಡಿಕೊಂಡದ್ದಂತೂ ನಿಜ.

ತಿಂಗಳ ರಕ್ತಪರೀಕ್ಷೆಗೆ ಎಂದಿನಂತೆ ಗಂಡಹೆಂಡತಿ ಇಬ್ಬರೂ ಹೋದರು. ಓನಿಜಾವಾ ಡಾಕ್ಟರು ಚೀಟಿ ನೋಡಿ ಕನ್ನಡಕ ತೆಗೆದರು.

"ನೆಮೊತೊ-ಸಾನ್, ಅಂಕಿ ಇಳಿದಿದೆ, ಅಂದ್ರೆ ರಕ್ತ ಗಟ್ಟಿಯಾಗ್ತಾ ಇದೆ. ಇಷ್ಟು ವರ್ಷ ಅಂಕಿ ಒಂದೇ ಸಮ ಇತ್ತು. ಬೇರೆ ಯಾವ್ದಾದ್ರೂ ಔಷಧಿ ತಗೊಳ್ತಿದ್ದೀರಾ?"

"ಔಷಧೀನಾ? ಇಲ್ಲಪ್ಪ" ಎಂದ ತೊಕುಜೊ. ಸುಳ್ಳು ಹೇಳಿದೆ ಅಂತಲೂ ಅವನಿಗೆ ಅನಿಸಲಿಲ್ಲ. ಮುಖದ ಕ್ರೀಮಿನ ಪಕ್ಕದಲ್ಲಿಟ್ಟು ಮಾರುವ ವಸ್ತು ಔಷಧಿ ಹೇಗಾದೀತು?

"ಹಂಗಾದ್ರೆ ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಾತ್ತೊ ತಿಂದ್ರಾ?"

ತೊಕುಜೊ ಬಾಯಿ ತೆರೆದ. ಇಲ್ಲ ಎಂದರೆ ಮುಂದಿನ ಪ್ರಶ್ನೆ, ಅದರ ಮುಂದಿನ ಪ್ರಶ್ನೆ, ಕಡೆಗೆ ಗುಲಾಬಿ ಡಬ್ಬಿ, ಕೆನ್ನೆ ಸವರಿಕೊಳ್ಳುವ ಹುಡುಗಿ. ನರ್ಸು ಬೇರೆ ಅಲ್ಲೇ ನಿಂತಿದ್ದಳು. ಅವಳ ತಾಯಿ ಅವನ ಅಂಗಡಿಗೆ ಬರುವವಳು. ಅದರ ಬದಲು, ನಾತ್ತೊ ಮಾಡುವವನು ಆಸೆ ತಡೆಯಲಾರದೆ ನಾತ್ತೊ ತಿಂದ ಎಂದರೆ ಅದರಲ್ಲಿ ಒಂದು ಗಂಡಸುತನವಾದರೂ ಇದೆ. ತೊಕುಜೊ ಎರಡೂ ಕೈ ಮಂಡಿಯ ಮೇಲಿಟ್ಟು ತಲೆ ಬಗ್ಗಿಸಿದ.

"ತಪ್ಪಾಯ್ತು. ಒಂದೆರಡ್ಸಲ... ನಾಲಿಗೆ ಕೇಳಲಿಲ್ಲ."

ಡಾಕ್ಟರು ನಕ್ಕು, ಇನ್ನು ಮುಂದೆ ಬೇಡ ಎಂದು ಗದರಿಸಿ ಕಳಿಸಿದರು. ಕಿನು ನಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಮನೆ ಬರುವ ತನಕ ಕಿಟಕಿಯಿಂದ ಆಚೆಗೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ತೊಕುಜೊ ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ಗೋಡೆಯ ಕಡೆ ತಿರುಗಲಿಲ್ಲ, ಕಾಳನ್ನೂ ಮುಟ್ಟಲಿಲ್ಲ.

"ನಿಮಗೇ ನಾಲಿಗೆ ಇದೆಯಲ್ಲ. ನೀವೇ ನೋಡ್ಕೊಳ್ಳಿ."

ಅಷ್ಟೇ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಂದು ಸದ್ದು ಬಂತು. ಬಟ್ಟಲಲ್ಲಿ ನಾತ್ತೊ ಹಾಕಿ ಕಡ್ಡಿಯಿಂದ ಗರಗರ ತಿರುಗಿಸುವ ಸದ್ದು. ಎಂಟೊಂಬತ್ತು ವರ್ಷ ಆ ಮನೆಯಲ್ಲಿ ಕೇಳದಿದ್ದ ಸದ್ದು. ತೊಕುಜೊ ಬಾಗಿಲಲ್ಲಿ ಇಣುಕಿದರೆ ಕಿನು ಬಿಸಿ ಅನ್ನದ ಮೇಲೆ ಸಾಸಿವೆ ಹಾಕಿ, ಎಳೆ ಎಳೆಯಾಗಿ ಎತ್ತಿ, ನಿಧಾನವಾಗಿ ತಿನ್ನುತ್ತಿದ್ದಳು. ಅವನ ಮುಂದೆ ಬಂಗಡೆ ಇಟ್ಟಿದ್ದಳು.

ಸುದ್ದಿ ಊರು ಸುತ್ತಲು ಎಷ್ಟು ಹೊತ್ತು? ನರ್ಸಿನ ತಾಯಿ ಅಂಗಡಿಗೆ ಬಂದು, "ಏನು ತೊಕುಜೊ-ಸಾನ್, ಪೊಟ್ಟಣ ಪೂರ್ತಿ ತುಂಬಿದ್ದೀರೋ, ಇಲ್ಲ ಅರ್ಧ ನೀವೇ ಮುಗಿಸಿದ್ರೋ?" ಎಂದಳು. "ಕಾವಲಿಗೆ ಬೆಕ್ಕನ್ನ ಇಟ್ಟಿದ್ದಾರೆ ತಾಯಿ, ನನ್ನನ್ನೇ" ಎಂದು ತೊಕುಜೊ ನಕ್ಕ. ಮಾಡದ ತಪ್ಪಿಗೆ ನಗುವುದು ಮಾಡಿದ ತಪ್ಪಿಗೆ ನಗುವುದಕ್ಕಿಂತ ಕಷ್ಟ ಎಂದು ಅವನಿಗೆ ಅವತ್ತು ಗೊತ್ತಾಯಿತು.

ರುಚಿ ನೋಡುವವರಿಲ್ಲದೆ ಅವನು ಮೂಗನ್ನೇ ನಂಬಿ ಮಾಲು ಕಳಿಸಿದ. ನಾತ್ತೊ ಹದ ಮೀರಿದರೆ ಕಾಳಿನ ಮೇಲೆ ಸಣ್ಣ ಸಣ್ಣ ಹರಳು ಕೂರುತ್ತವೆ. ಮೂಗಿಗೆ ಅವು ಸಿಗುವುದಿಲ್ಲ, ನಾಲಿಗೆಗೇ ಸಿಗಬೇಕು. ನದಿ ದಂಡೆಯ ವಸತಿಗೃಹದ ಯಜಮಾನತಿ ಬುಟ್ಟಿ ಸಮೇತ ವಾಪಸು ತಂದಳು.

"ಬೆಳಿಗ್ಗೆ ಊಟಕ್ಕೆ ಕೂತೋರು ಸಮುದ್ರದ ದಂಡೇಲಿ ಊಟ ಮಾಡಿದಂಗಾಯ್ತು ಅಂದ್ರು. ಕರಕರ ಅಂತ ಮರಳು! ಕಿನು-ಸಾನ್ ಹುಷಾರಿಲ್ವಾ?"

"ಅವಳು ಹುಷಾರಾಗೇ ಇದ್ದಾಳೆ. ನಾನೇ ಹುಷಾರಿಲ್ಲ" ಎಂದು ಬಗ್ಗಿ ನಮಸ್ಕರಿಸಿದ.

ಕಿನು ಒಳಗಿಂದ ಎಲ್ಲ ಕೇಳಿಸಿಕೊಂಡಳು. ಹೊರಗೆ ಬರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಅಂಕಿ ಇನ್ನೂ ಕೆಳಗಿಳಿದಿತ್ತು. ಈ ಸಲ ಡಾಕ್ಟರು ನಗಲಿಲ್ಲ.

"ಇನ್ನೂ ತಿಂತಿದ್ದೀರಾ ನೆಮೊತೊ-ಸಾನ್? ಮಾತ್ರೆ ಜಾಸ್ತಿ ಮಾಡಬಹುದು. ಆದ್ರೆ ಜಾಸ್ತಿ ಮಾಡಿದ್ಮೇಲೆ ನೀವು ನಾತ್ತೊ ಬಿಟ್ರೆ ರಕ್ತ ನೀರಾಗಿ ಎಲ್ಲೆಲ್ಲೋ ಸೋರುತ್ತೆ. ನೀವು ನಿಜ ಹೇಳಿದ್ರೆ ಮಾತ್ರ ನಾನು ಲೆಕ್ಕ ಹಾಕೋಕಾಗೋದು. ಕವಾಟದ ಮೇಲೆ ಹೆಪ್ಪುಗಟ್ಟಿದ್ರೆ ತಲೆಗೆ ಹೋಗಬಹುದು, ಕವಾಟವೇ ಸಿಕ್ಕಿಹಾಕ್ಕೊಬಹುದು. ಆ ಟಿಕ್ ಟಿಕ್ ಸದ್ದು ಮಂಕಾಯ್ತು ಅನ್ಸಿದ್ರೆ ಆ ಕ್ಷಣವೇ ಬನ್ನಿ. ಈ ವಾರ ಪೂರ್ತಿ ಬಿಡಿ. ವಾರದ ಮೇಲೆ ಮತ್ತೆ ನೋಡೋಣ."

"ಪೂರ್ತಿ ಬಿಡ್ತೀನಿ" ಎಂದ ತೊಕುಜೊ. ಬಿಡುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಇಲ್ಲಿ ಅವನ ಬುದ್ಧಿವಂತಿಕೆ ನೋಡಿ. ಹೃದಯಕ್ಕೆ ಅಪಾಯ ಎಂದರು ಡಾಕ್ಟರು. ಹೃದಯಕ್ಕೆ ಒಳ್ಳೆಯದು ಎಂದಿದ್ದ ಎಬಿನೆ. ಎರಡನ್ನೂ ಕೂಡಿಸಿ ತೊಕುಜೊ ದಿನಕ್ಕೆ ಒಂದಿದ್ದ ಮಾತ್ರೆಯನ್ನು ಎರಡು ಮಾಡಿದ. ಬಂಗಡೆಯನ್ನೂ ಎರಡು ಮಾಡಿದ. ಹುಲ್ಲಿನ ಕೊಠಡಿಯಲ್ಲಿ ನಿಂತು ಗುಲಾಬಿ ಡಬ್ಬಿಯ ಹುಡುಗಿಗೆ, "ಕೆನ್ನೆ ಹಾಳಾಗಲಿ, ಎದೆ ಕಾಪಾಡಮ್ಮ" ಎಂದು ಬೇಡಿಕೊಂಡ.

ಆ ವಾರದಲ್ಲೇ ಒಂದು ಬೆಳಿಗ್ಗೆ ಅವನು ಹಬೆಯ ಪಾತ್ರೆಯ ಪಕ್ಕ ನಿಂತಿದ್ದಾಗ ಎದೆಯ ಸದ್ದು ಕೇಳಲಿಲ್ಲ. ಉಸಿರು ಹಿಡಿದು ನಿಂತ. ಇಲ್ಲ. ಅಂಗೈ ಎದೆಯ ಮೇಲಿಟ್ಟ. ಏನೋ ಬಡಿಯುತ್ತಿತ್ತು, ಆದರೆ ಟಿಕ್ ಎನ್ನುವ ಸದ್ದಿಲ್ಲ. ಎಷ್ಟೋ ವರ್ಷ ಅದರ ಸದ್ದಿಗೆ ಬೈದುಕೊಂಡಿದ್ದವನು ಈಗ ಒಂದೇ ಒಂದು ಟಿಕ್‌ಗಾಗಿ ಇದ್ದಬದ್ದ ದೇವರಿಗೆಲ್ಲ ಕೈ ಮುಗಿದ. ಸತ್ತರೆ ಊರವರು ನಾತ್ತೊ ಕದ್ದು ತಿಂದು ಸತ್ತ ಎನ್ನುತ್ತಾರೆ. ಆಮೇಲೆ ಯಾರೋ ಹುಲ್ಲು ಎತ್ತುವಾಗ ಡಬ್ಬಿ ಸಿಗುತ್ತದೆ. ಆಗ ಇನ್ನೇನೆನ್ನುತ್ತಾರೋ! ಕಾಲಲ್ಲಿ ಚಪ್ಪಲಿಯಿಲ್ಲದೆ ಅಂಗಳ ದಾಟಿ ಓಡಿದ.

"ಕಿನು! ಕಿನು! ನಿಂತೋಯ್ತು! ಸದ್ದು ನಿಂತೋಯ್ತು!"

ಕಿನು ಬಟ್ಟೆ ಒಣಗಿಸುತ್ತಿದ್ದವಳು ಎಲ್ಲ ಬಿಟ್ಟು ಓಡಿಬಂದಳು. ಅವನನ್ನು ಜಗಲಿಯ ಮೇಲೆ ಕೂರಿಸಿ, ಹತ್ತಿ ತುಂಬಿದ ದಪ್ಪ ಅಂಗಿಯ ಗುಂಡಿಗಳನ್ನು ಕಿತ್ತಂತೆ ಬಿಚ್ಚಿ, ಎದೆಗೆ ಕಿವಿ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇದ್ದಳು.

"ಹೊಡೀತಾ ಇದೆ" ಎಂದಳು. "ಕಟಕಟ ಅಂತ ಹೊಡೀತಾ ಇದೆ. ಹಬೆ ಬುಸುಗುಟ್ಟೋ ಕಡೆ ಇಷ್ಟು ದಪ್ಪದ ಅಂಗಿ ತೊಟ್ಕೊಂಡು ನಿಂತ್ರೆ ದೇವಸ್ಥಾನದ ಗಂಟೇನೂ ಕೇಳಲ್ಲ."

ತೊಕುಜೊನಿಗೆ ಆಗ ಕೇಳಿಸಿತು. ಟಿಕ್. ಟಿಕ್. ಟಿಕ್. ಅಷ್ಟು ಚೆಂದದ ಸದ್ದನ್ನು ಅವನು ಹಿಂದೆ ಕೇಳಿರಲಿಲ್ಲ. ಕಿನು ತಲೆ ಎತ್ತಲಿಲ್ಲ. ಎದೆಗೆ ಕಿವಿ ಇಟ್ಟುಕೊಂಡೇ ಹೇಳಿದಳು.

"ಅವತ್ತು ಡಾಕ್ಟ್ರ ಮುಂದೆ ನಾತ್ತೊ ತಿಂದೆ ಅಂದ್ರಲ್ಲ, ಆಗ ಇದು ಹಿಂಗೇ ಓಡ್ತಾ ಇತ್ತು. ನೀವು ಸುಳ್ಳು ಹೇಳಿದಾಗೆಲ್ಲ ಓಡುತ್ತೆ."

"ಅಂದ್ರೆ ನಿನಗೆ..."

"ನಾತ್ತೊ ತಿಂದೋರ ಬಾಯಿ ಬೀದಿ ಆಚೆಯಿಂದ ಗೊತ್ತಾಗುತ್ತೆ ನನಗೆ. ಒಂದೇ ಹಾಸಿಗೇಲಿ ಮಲಗೋಳಿಗೆ ಗೊತ್ತಾಗಲ್ವಾ? ನೀವು ತಿಂದಿಲ್ಲ. ತಿನ್ನದೆ ತಿಂದೆ ಅಂದ್ರಿ. ಹಂಗಾದ್ರೆ ಅದಕ್ಕಿಂತ ದೊಡ್ಡದು ಏನೋ ಮುಚ್ಚಿಡ್ತಿದ್ದೀರಿ. ದಿನಾ ಊಟ ಆದ್ಮೇಲೆ ಹುಲ್ಲಿನ ಕೊಠಡಿಗೆ ಹೋಗ್ತೀರಿ. ಕನ್ನಡೀಲಿ ಕೆನ್ನೆ ನೋಡ್ಕೊಳ್ತೀರಿ." ಈಗ ತಲೆ ಎತ್ತಿದಳು. "ಯಾರ್ರೀ ಅವಳು?"

ತೊಕುಜೊನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಎದೆ ಟಿಕ್ ಎನ್ನುವ, ನಾಲ್ಕು ಮೆಟ್ಟಿಲಿಗೆ ಏದುವ, ಮೈಯೆಲ್ಲ ಸೋಯಾಕಾಳು ನಾರುವ ತನ್ನನ್ನು ಕಟ್ಟಿಕೊಳ್ಳಲು ಯಾವಳೋ ಹುಲ್ಲಿನ ಕೊಠಡಿಯಲ್ಲಿ ಕಾಯುತ್ತಿರಬಹುದೆಂದು ಈ ಲೋಕದಲ್ಲಿ ನಂಬುವ ಒಂದು ಜೀವವಾದರೂ ಇದೆಯಲ್ಲ ಎಂದು ಅವನಿಗೆ ಅಳುವೋ ನಗುವೋ ತಿಳಿಯದಾಯಿತು. ಎದ್ದು ಹೋಗಿ ಹುಲ್ಲು ಕೆದಕಿ ಗುಲಾಬಿ ಡಬ್ಬಿ ತಂದು ಅವಳ ಮಡಿಲಲ್ಲಿಟ್ಟ.

"ಇವಳೇ."

ಕಿನು ಡಬ್ಬಿಯ ಮೇಲಿನದನ್ನು ಗಟ್ಟಿಯಾಗಿ ಓದಿದಳು. "ಮುಂಜಾವಿನ ಕೆನ್ನೆಗಾಗಿ." ಇನ್ನೊಂದು ಸಲ ಓದಿದಳು. ಗಂಡನ ಕೆನ್ನೆ ನೋಡಿದಳು. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಲುಕುವ ಹಾಗೆ ನಕ್ಕಳು. ನಗು ನಿಂತ ಮೇಲೂ ಸ್ವಲ್ಪ ಹೊತ್ತು ಟವೆಲು ತೆಗೆಯಲಿಲ್ಲ.

"ಬುಟ್ಟಿ ಎತ್ತೋಕೆ ಆಗ್ತಿರಲಿಲ್ಲ ಕಣೇ" ಎಂದ ಅವನು. "ನಿನ್ನ ಕೈಯಲ್ಲಿ ಎತ್ತಿಸೋಕೆ ನಾಚ್ಕೆ ಆಯ್ತು."

"ನಾಲಿಗೆ ಕೊಟ್ಟೋಳು ಒಂದು ಕೈ ಕೊಡಲ್ವಾ? ಏಳಿ. ಚಪ್ಪಲಿ ಹಾಕ್ಕೊಳ್ಳಿ."

ಔಷಧ ಅಂಗಡಿಯ ತೊಕಿತಾ ಎಂಬ ಹೆಣ್ಣುಮಗಳು ಡಬ್ಬಿಯನ್ನು ತಿರುಗಿಸಿ ನೋಡಿದಳು. ನಗದೆ ಇರಲು ಅವಳು ಪಟ್ಟ ಪಾಡು ತೊಕುಜೊನಿಗೆ ಕಾಣುತ್ತಿತ್ತು. "ನಕ್ಕುಬಿಡಮ್ಮ, ಮನೇಲಿ ಆಗ್ಲೇ ನಕ್ಕಾಗಿದೆ" ಎಂದ.

"ಇದು ಕೆಟ್ಟ ವಸ್ತು ಅಲ್ಲ ನೆಮೊತೊ-ಸಾನ್" ಎಂದಳು ಅವಳು. "ನಮ್ಮ ಮೈಯೇ ಇದನ್ನ ಮಾಡ್ಕೊಳ್ಳುತ್ತೆ. ತಿಂದ ಊಟ ಶಕ್ತಿಯಾಗೋ ಕೆಲಸದಲ್ಲಿ ಇದು ಬೇಕೇ ಬೇಕು. ಹೃದಯ ಬಿಡುವಿಲ್ಲದೆ ದುಡಿಯುತ್ತಲ್ಲ, ಅಲ್ಲಿ ಜಾಸ್ತಿ ಇರುತ್ತೆ. ವಯಸ್ಸಾದ ಹಾಗೆ ಕಮ್ಮಿ ಆಗುತ್ತೆ ಅನ್ನೋದೂ ನಿಜ."

"ನೋಡಿದ್ಯಾ!" ಎಂದ ತೊಕುಜೊ, ಕಿನುವಿನ ಕಡೆ ತಿರುಗಿ.

"ಪೂರ್ತಿ ಕೇಳಿ. ಹೊರಗಿಂದ ನುಂಗಿದ್ರೆ ಎಲ್ಲರಿಗೂ ಹುರುಪು ಬರುತ್ತೆ ಅಂತ ಯಾರೂ ತೋರಿಸಿಲ್ಲ. ಸೋತ ಹೃದಯಕ್ಕೆ ಅನುಕೂಲ ಆಗಬಹುದು ಅಂತ ಕೆಲವು ಪರೀಕ್ಷೆ ಹೇಳ್ತಾವೆ, ಏನೂ ಇಲ್ಲ ಅಂತ ಕೆಲವು. ಕೆನ್ನೆ ವಿಷಯ ನಾನು ಮಾತಾಡಲ್ಲ. ಆದ್ರೆ ನಿಮ್ಮ ಕಥೆ ಬೇರೆ. ನಾತ್ತೊ ನಿಮಗೆ ಯಾಕೆ ಬೇಡ ಅಂದ್ರು? ಅದರಲ್ಲಿರೋ ವಿಟಮಿನ್ ಕೆ ವಾರ್ಫರಿನ್ ಕೆಲಸ ಕೆಡಿಸುತ್ತೆ ಅಂತ. ಈ ಕ್ಯೂ-ಟೆನ್ ರಚನೆ ನೋಡೋಕೆ ಆ ಕೆ ಥರಾನೇ ಇದೆ. ಎಷ್ಟೋ ಜನಕ್ಕೆ ಏನೂ ಆಗಲ್ಲ. ಆದ್ರೆ ಕೆಲವರಿಗೆ ರಕ್ತ ಗಟ್ಟಿಯಾಗಿರೋದು ವರದಿಯಾಗಿದೆ. ನಿಮ್ಮದೂ ಇದರಿಂದಲೇನಾ ಅನ್ನೋದು ಡಾಕ್ಟ್ರಿಗೆ ಹೇಳಿ, ನಿಲ್ಲಿಸಿ, ಪರೀಕ್ಷೆ ಮಾಡಿಸಿದ್ರೇ ಗೊತ್ತಾಗೋದು."

ತೊಕುಜೊ ಡಬ್ಬಿಯನ್ನು ಕೈಗೆತ್ತಿಕೊಂಡ.

"ಅಂದ್ರೆ ನಾತ್ತೊ ಬಿಟ್ಟೆ ಬಿಟ್ಟೆ ಅಂತ ಊರೆಲ್ಲ ಹೇಳ್ಕೊಂಡು, ಅದರ ದಾಯಾದೀನ ಕದ್ದು ನುಂಗಿದೀನಿ. ಅದೂ ರುಚಿ ಇಲ್ಲದ ದಾಯಾದೀನ. ತಿನ್ನೋದೇ ಆಗಿದ್ರೆ ನಾತ್ತೊನೇ ತಿನ್ನಬಹುದಿತ್ತಲ್ಲಮ್ಮ!"

ಓನಿಜಾವಾ ಡಾಕ್ಟರಿಗೆ ಎಲ್ಲ ಹೇಳಿದ್ದು ಅವನೇ, ನರ್ಸಿನ ಎದುರಿಗೇ. ಡಾಕ್ಟರು ಬಹಳ ಬೈದರು. ಗುಲಾಬಿ ಡಬ್ಬಿಯ ಮಾತ್ರೆ ನಿಲ್ಲಿಸಿದರು, ಮತ್ತೆ ಮತ್ತೆ ರಕ್ತ ನೋಡಿದರು. ಅಂಕಿ ಮೆಲ್ಲಮೆಲ್ಲಗೆ ಮೇಲೆ ಹತ್ತಿ ತನ್ನ ಹಳೆಯ ಜಾಗದಲ್ಲಿ ಕೂತಿತು. ನರ್ಸಿನ ತಾಯಿ ಅಂಗಡಿಗೆ ಬಂದು ಅವನ ಕೆನ್ನೆ ನೋಡಿ, "ಮುಂಜಾವು ಇನ್ನೂ ಆಗಿಲ್ವಾ?" ಎಂದಳು. "ಮೋಡ ಕವಿದಿದೆ ತಾಯಿ" ಎಂದ ತೊಕುಜೊ. ಬುಟ್ಟಿ ಭಾರವಾಗಿಯೇ ಉಳಿಯಿತು. ಕಿನು ಒಂದು ಕಿವಿ ಹಿಡಿದಳು, ಅವನು ಒಂದು ಕಿವಿ.

ಅಂಕಿ ಸರಿಯಾಯಿತೆಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಅವನು ಪೊಟ್ಟಣ ಬಿಚ್ಚುತ್ತಿದ್ದಾಗ ಕಿನು ತಾನಾಗಿಯೇ ಕಾರ್ಖಾನೆಗೆ ಬಂದಳು. ಕಡ್ಡಿ ತೆಗೆದುಕೊಂಡಳು. ಒಂದು ಕಾಳು ಎತ್ತಿದಳು. ತೊಕುಜೊ ಅಭ್ಯಾಸದಿಂದ ಅವಳು ಗೋಡೆಯ ಕಡೆ ತಿರುಗಲೆಂದು ಕಾದ. ಅವಳು ತಿರುಗಲಿಲ್ಲ. ಅವನ ಮುಖವನ್ನೇ ನೋಡುತ್ತ ಬಾಯಿಗಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಬೇಕೆಂದೇ ನಿಧಾನವಾಗಿ ಅಗಿಯತೊಡಗಿದಳು.

"ಏನೇ ಇದು? ತಿರುಗ್ಕೊಳ್ಳೇ."

"ಇನ್ನು ಈ ಮನೇಲಿ ಬೆನ್ನು ಹಾಕಿ ನುಂಗೋ ಹಾಗಿಲ್ಲ. ನಾನೂ ಇಲ್ಲ, ನೀವೂ ಇಲ್ಲ."

"ಸರಿ, ಶಿಕ್ಷೆ ಅನ್ನು. ಹೆಂಗಿದೆ?"

"ತಡೀರಿ. ಇನ್ನೊಂದು ಕಾಳು."

ಅವಳ ಗಲ್ಲಕ್ಕೆ ಒಂದು ಎಳೆ ಅಂಟಿಕೊಂಡಿತ್ತು. ತೊಕುಜೊ ಬೆರಳಿನಿಂದ ಅದನ್ನು ತೆಗೆದ. ತೆಗೆದ ಬೆರಳು ಅಲ್ಲೇ, ಅವನ ಮೂಗಿನ ಮುಂದೆ, ಒಂದು ಗಳಿಗೆ ನಿಂತಿತು. ಕಿನು ಅಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ನಿಮ್ಮೆದೆ ಗಡಿಯಾರ ಓಡ್ತಾ ಇದೆ" ಎಂದಳು.

ತೊಕುಜೊ ನಕ್ಕು ಬೆರಳನ್ನು ಅವಳ ಹೆಗಲ ಮೇಲಿನ ಟವೆಲಿಗೆ ಒರೆಸಿದ. "ಈಗ ಹೇಳು. ಕಹಿ ಇದೆಯಾ?"

"ಇದೆ. ನಿಮ್ಮಕ್ಕ ನಿನ್ನೆ ಫೋನ್ ಮಾಡಿದ್ರು. ಕೆನ್ನೆ ಹೆಂಗಿದೆ ಅಂತ ಕೇಳಿದ್ರು. ಅಷ್ಟು."